ಶಾಲೆಯಲ್ಲಿ ಮಕ್ಕಳಿಗೆ ಆನ್‌ಲೈನ್ ಸಿಬಿಟಿ: ತಯಾರಿಯಿಂದ ಅನುಸರಣೆಯವರೆಗೆ ಸಮಗ್ರ ಮಾರ್ಗದರ್ಶಿ

ಆತಂಕ ಮತ್ತು ಸೌಮ್ಯ ಖಿನ್ನತೆ ಇರುವ ಮಕ್ಕಳಿಗೆ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆ. ತೊಂದರೆ ಕೊಡುವ ಯೋಚನೆಗಳನ್ನೂ ನಡವಳಿಕೆಯನ್ನೂ ಅಭ್ಯಾಸದಿಂದ ಬದಲಿಸಲು ಅದು ಕಲಿಸುತ್ತದೆ. ಕೊರತೆ ಇರುವುದು ಅದನ್ನು ಕೊಡಬಲ್ಲ ತಜ್ಞರಲ್ಲಿ. ಹಾಗಾಗಿ ಪಾಠ, ಅಭ್ಯಾಸ, ಪ್ರಶ್ನಾವಳಿಗಳನ್ನೆಲ್ಲ ಪರದೆಯ ಮೇಲೆ ತಂದು, ಮಗು ಶಾಲೆಯಲ್ಲೇ ಅವನ್ನು ಮಾಡುವಂತೆ ವ್ಯವಸ್ಥೆ ಮಾಡುವ ಶಾಲೆಗಳು ಹೆಚ್ಚುತ್ತಿವೆ. ಒಳ್ಳೆಯ ಬೆಳವಣಿಗೆಯೇ. ಆದರೆ ಲೈಸೆನ್ಸ್ ಕೊಂಡು, ಮಕ್ಕಳಿಗೆ ಪಾಸ್‌ವರ್ಡ್ ಹಂಚಿ, ಮುಂದಿನದು ತಾನಾಗಿ ಆಗುತ್ತದೆ ಎಂದು ಕೂತರೆ ಎರಡನೇ ಮೂರನೇ ಪಾಠಕ್ಕೇ ಬಹಳಷ್ಟು ಮಕ್ಕಳು ಬಿಟ್ಟಿರಬಹುದು. ಪರದೆ ಕಲಿಸಬಲ್ಲದು, ಅಷ್ಟೇ. ಕಲಿತದ್ದನ್ನು ತರಗತಿಯಲ್ಲಿ, ಮೈದಾನದಲ್ಲಿ, ಮನೆಯಲ್ಲಿ ಮಾಡಿ ನೋಡಿಸಲು ಒಬ್ಬ ಹಿರಿಯರು ಬೇಕು. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಹಿರಿಯರ ಕೆಲಸದ ಬಗ್ಗೆಯೇ ಇದೆ.

ಮೊದಲು ತೀರ್ಮಾನಿಸಬೇಕಾದದ್ದು: ಯಾರಿಗೆ?

ಇಡೀ ತರಗತಿಗೆ ಒಂದೇ ಸಲ ಕೊಟ್ಟುಬಿಡೋಣ ಎನ್ನುವ ಆಸೆ ಎಲ್ಲ ಶಾಲೆಗಳಿಗೂ ಬರುತ್ತದೆ. ಯಾರನ್ನೂ ಬೇರೆ ಮಾಡಿದಂತಾಗುವುದಿಲ್ಲ, ಟೈಮ್‌ಟೇಬಲ್‌ಗೂ ಸುಲಭ. ಆದರೆ ಸಾಕ್ಷ್ಯ ಆ ದಾರಿಯನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಬ್ರಿಟನ್ನಿನಲ್ಲಿ 12ರಿಂದ 16 ವರ್ಷದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನದಲ್ಲಿ, ತರಗತಿಯ ಎಲ್ಲರಿಗೂ ಕೊಟ್ಟ ಸಿಬಿಟಿಯಿಂದ ಖಿನ್ನತೆಯ ಲಕ್ಷಣಗಳಲ್ಲಿ ಲಾಭ ಕಾಣಲಿಲ್ಲ. 2014ರ ಪೇಸಸ್ ಅಧ್ಯಯನ ಇನ್ನೊಂದು ವಿಷಯ ತೋರಿಸಿತು: 9–10 ವರ್ಷದವರಿಗೆ ಒಂದೇ ಕಾರ್ಯಕ್ರಮವನ್ನು ತರಬೇತಾದ ಆರೋಗ್ಯ ಸಿಬ್ಬಂದಿ ನಡೆಸಿದಾಗ ಆತಂಕ ಕಡಿಮೆಯಾಯಿತು, ಶಾಲಾ ಸಿಬ್ಬಂದಿ ನಡೆಸಿದಾಗ ಆ ಫಲ ಸಿಗಲಿಲ್ಲ. ಇವೆರಡೂ ಪರದೆಯ ಮೇಲಿನ ಕಾರ್ಯಕ್ರಮಗಳಲ್ಲ, ಆದರೆ ಶಾಲೆಗಳಿಗೆ ಅವುಗಳಲ್ಲಿರುವ ಪಾಠ ಒಂದೇ: ನಿಜವಾಗಿ ಕಷ್ಟಪಡುತ್ತಿರುವ ಮಕ್ಕಳನ್ನು ಗುರುತಿಸಿ, ತರಬೇತಾದವರ ಬೆಂಬಲದೊಂದಿಗೆ ಕೊಡಿ.

ಸೂಕ್ತವಾಗುವವರು: ಸೌಮ್ಯದಿಂದ ಮಧ್ಯಮ ಮಟ್ಟದ ಆತಂಕ ಇರುವವರು (ಬೇರ್ಪಡುವ ಭಯ, ಜನರೆದುರು ಹಿಂಜರಿಕೆ, ಅತಿಯಾದ ಚಿಂತೆ, ನಿರ್ದಿಷ್ಟ ಭಯಗಳು), ಸೌಮ್ಯ ಖಿನ್ನತೆ ಇರುವವರು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ಮಕ್ಕಳ ಸೌಮ್ಯ ಖಿನ್ನತೆಗೆ ಡಿಜಿಟಲ್ ಸಿಬಿಟಿಯನ್ನು ಮೊದಲ ಸಾಲಿನ ಆಯ್ಕೆಗಳಲ್ಲಿ ಸೇರಿಸಿದೆ.

ಆನ್‌ಲೈನ್ ಪಾಠಕ್ಕೆ ಹಾಕದೆ ನೇರವಾಗಿ ತಜ್ಞರ ಬಳಿಗೆ ಕಳಿಸಬೇಕಾದವರು: ಆತ್ಮಹತ್ಯೆಯ ಯೋಚನೆ ಅಥವಾ ಯೋಜನೆ ಇರುವವರು, ಇತ್ತೀಚೆಗೆ ತಮಗೆ ತಾವೇ ಗಾಯ ಮಾಡಿಕೊಂಡವರು, ತೀವ್ರ ಖಿನ್ನತೆ, ಆಹಾರ ಸೇವನೆಯ ಕಾಯಿಲೆ ಅಥವಾ ಭ್ರಮೆಯ ಲಕ್ಷಣ ಇರುವವರು. ಮನೆಯಲ್ಲಿ ಅಥವಾ ಬೇರೆಲ್ಲಾದರೂ ಹಿಂಸೆ ಈಗಲೂ ನಡೆಯುತ್ತಿರುವ ಮಗುವಿಗೆ ಮೊದಲು ಬೇಕಾದ್ದು ರಕ್ಷಣೆ. ಅಂಥ ಮಗುವಿಗೆ ‘ನಿನ್ನ ಯೋಚನೆ ಬದಲಿಸಿಕೋ’ ಎನ್ನುವ ಪಾಠ ಕೊಡುವುದು ತಪ್ಪು ಮಾತ್ರವಲ್ಲ, ಅನ್ಯಾಯ. ಆಘಾತದ ನಂತರದ ತೊಂದರೆ ಇರುವವರಿಗೂ ಸಾಮಾನ್ಯ ಆತಂಕದ ಪಾಠ ಸಾಲದು, ಅದಕ್ಕೆಂದೇ ರೂಪಿಸಿದ ಚಿಕಿತ್ಸೆ ಬೇರೆ ಇದೆ.

ವಯಸ್ಸಿನ ಲೆಕ್ಕವೂ ಮುಖ್ಯ. ಹನ್ನೆರಡು ದಾಟಿದವರು ಕೋಚ್, ಅಂದರೆ ವಾರವಾರ ಜೊತೆಗೆ ಮಾತಾಡುವ ಹಿರಿಯರ ಬೆಂಬಲದಿಂದ ತಾವೇ ಮಾಡಬಲ್ಲರು. ಅದಕ್ಕಿಂತ ಚಿಕ್ಕವರಿಗೆ ಪೋಷಕರ ಮೂಲಕ ನಡೆಯುವ ಮಾದರಿ ಒಳ್ಳೆಯದು. ಇಂಗ್ಲೆಂಡಿನಲ್ಲಿ ರೂಪುಗೊಂಡ ಓಎಸ್‌ಐ ಕಾರ್ಯಕ್ರಮದಲ್ಲಿ 5–12 ವರ್ಷದ ಮಕ್ಕಳ ಪೋಷಕರೇ ಪರದೆಯ ಪಾಠ ಮಾಡುತ್ತಾರೆ, ಚಿಕಿತ್ಸಕರು ವಾರಕ್ಕೊಮ್ಮೆ ಸುಮಾರು 20 ನಿಮಿಷ ಫೋನಿನಲ್ಲಿ ಮಾತಾಡುತ್ತಾರೆ. 2024ರಲ್ಲಿ ಪ್ರಕಟವಾದ ಹೋಲಿಕೆ ಅಧ್ಯಯನದಲ್ಲಿ ಅದರ ಫಲ ಸಾಮಾನ್ಯ ಚಿಕಿತ್ಸೆಗೆ ಕಡಿಮೆಯಿಲ್ಲದಂತಿತ್ತು, ಚಿಕಿತ್ಸಕರ ಸಮಯವೂ ಸಾಕಷ್ಟು ಉಳಿಯಿತು.

ಹಂತ 1: ತಂಡ ಮತ್ತು ಸಮಯದ ಲೆಕ್ಕ

ಹೆಸರು ಹಾಕಿ ಭರ್ತಿ ಮಾಡಬೇಕಾದ ಜಾಗಗಳು ಐದು. ಒಟ್ಟು ಹೊಣೆ ಹೊರುವವರು (ಸಾಮಾನ್ಯವಾಗಿ ಶಾಲೆಯ ಆಪ್ತಸಮಾಲೋಚಕರು), ಮಕ್ಕಳ ಜೊತೆ ವಾರವಾರ ಮಾತಾಡುವ ಕೋಚ್, ಕೋಚ್‌ಗಳಿಗೆ ಮೇಲ್ವಿಚಾರಣೆ ಕೊಡುವ ಅರ್ಹ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರು, ಮಕ್ಕಳ ಸುರಕ್ಷತೆಗೆ ಹೊಣೆಯಾದ ಸಿಬ್ಬಂದಿ, ಮತ್ತು ಕಂಪ್ಯೂಟರ್ ನೋಡಿಕೊಳ್ಳುವವರು. ಚಿಕ್ಕ ಶಾಲೆಯಲ್ಲಿ ಒಬ್ಬರೇ ಎರಡು ಕೆಲಸ ಮಾಡಬಹುದು, ಆದರೆ ಕೋಚ್ ಮತ್ತು ಮೇಲ್ವಿಚಾರಕರು ಒಬ್ಬರೇ ಆಗಕೂಡದು. ಮೇಲ್ವಿಚಾರಕರು ಹೊರಗಿನವರಾದರೂ ಸರಿ, ವಾರಕ್ಕೆ ಒಂದು ಗಂಟೆ ವಿಡಿಯೊ ಕರೆಯಲ್ಲಿ ಸಿಕ್ಕರೂ ನಡೆಯುತ್ತದೆ.

ಕೋಚ್ ಮನೋವಿಜ್ಞಾನಿಯೇ ಆಗಿರಬೇಕಿಲ್ಲ. ತರಬೇತಿ ಪಡೆದ ಸಮಾಲೋಚಕರು, ಶಾಲಾ ನರ್ಸ್, ಸಮಾಜಕಾರ್ಯ ಓದಿದವರು ಮಾಡಬಹುದು. ಆದರೆ ಅದೇ ಮಗುವಿಗೆ ಅಂಕ ಹಾಕುವ, ಶಿಸ್ತು ನೋಡುವ ಶಿಕ್ಷಕರು ಬೇಡ. ಬೆಳಿಗ್ಗೆ ಹೋಮ್‌ವರ್ಕ್ ಮಾಡದ್ದಕ್ಕೆ ಗದರಿದವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚಿ ಮಾತಾಡು ಎಂದರೆ ಯಾವ ಮಗುವೂ ಮಾತಾಡದು.

ಸಮಯದ ಲೆಕ್ಕ ಹಾಕುವಾಗ ಎಲ್ಲರೂ ಮಾತುಕತೆಯ ನಿಮಿಷಗಳನ್ನು ಮಾತ್ರ ಎಣಿಸುತ್ತಾರೆ. ನಿಜವಾದ ಲೆಕ್ಕ ಹೀಗಿದೆ: ಮಗು ಬರೆದದ್ದನ್ನು ಓದಲು 10 ನಿಮಿಷ, ಮಾತುಕತೆ 20 ನಿಮಿಷ, ಟಿಪ್ಪಣಿ ಮತ್ತು ಪೋಷಕರಿಗೋ ಶಿಕ್ಷಕರಿಗೋ ಒಂದು ಸಂದೇಶಕ್ಕೆ 10 ನಿಮಿಷ. ಒಂದು ಮಗುವಿಗೆ ವಾರಕ್ಕೆ 40 ನಿಮಿಷ. ಹತ್ತು ಮಕ್ಕಳಾದರೆ 400 ನಿಮಿಷ, ಅಂದರೆ ಸುಮಾರು ಆರು ಮುಕ್ಕಾಲು ಗಂಟೆ, ಅದರ ಮೇಲೆ ಮೇಲ್ವಿಚಾರಣೆಯ ಒಂದು ಗಂಟೆ. ಇಷ್ಟು ಸಮಯವನ್ನು ಮುಖ್ಯ ಶಿಕ್ಷಕರು ಟೈಮ್‌ಟೇಬಲ್‌ನಲ್ಲಿ ಬರೆದು ಕೊಡದೆ ಶುರು ಮಾಡಬೇಡಿ. ‘ಬಿಡುವಾದಾಗ ನೋಡಿಕೊಳ್ಳಿ’ ಎಂದರೆ ಮೂರನೇ ವಾರಕ್ಕೆ ಬಿಡುವೇ ಇರುವುದಿಲ್ಲ.

ಹಂತ 2: ಕಾರ್ಯಕ್ರಮದ ಆಯ್ಕೆ

ಮಾರುಕಟ್ಟೆಯಲ್ಲಿ ಮನಸ್ಸಿನ ಆರೋಗ್ಯದ ಹೆಸರಿನ ಆ್ಯಪ್‌ಗಳು ಲೆಕ್ಕವಿಲ್ಲದಷ್ಟಿವೆ, ಮಕ್ಕಳ ಮೇಲೆ ಸರಿಯಾಗಿ ಪರೀಕ್ಷೆಯಾದವು ಬೆರಳೆಣಿಕೆಯಷ್ಟು. ಆಸ್ಟ್ರೇಲಿಯಾದ ಬ್ರೇವ್ ಆನ್‌ಲೈನ್ ಆತಂಕಕ್ಕಾಗಿ ರೂಪಿಸಿದ್ದು, ಮಗುವಿಗೆ 10 ಪಾಠ, ಪೋಷಕರಿಗೆ ಪ್ರತ್ಯೇಕ ಪಾಠಗಳು. ನ್ಯೂಜಿಲೆಂಡಿನ ಸ್ಪಾರ್ಕ್ಸ್ ಹದಿಹರೆಯದವರ ಖಿನ್ನತೆಗೆ ಆಟದ ರೂಪದಲ್ಲಿರುವ 7 ಹಂತದ ಕಾರ್ಯಕ್ರಮ. 187 ಹದಿಹರೆಯದವರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸಾಮಾನ್ಯ ಆರೈಕೆಗಿಂತ ಕಡಿಮೆಯಾಗಲಿಲ್ಲ.

ಯಾವುದೇ ಕಾರ್ಯಕ್ರಮ ತರುವ ಮುಂಚೆ ಮಾರುವವರಿಗೆ ಈ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ:

- ಈ ಕಾರ್ಯಕ್ರಮವನ್ನೇ, ಇದೇ ವಯಸ್ಸಿನ ಮಕ್ಕಳ ಮೇಲೆ, ಹೋಲಿಕೆಯ ಗುಂಪು ಇಟ್ಟುಕೊಂಡು ಪರೀಕ್ಷಿಸಿದ್ದೀರಾ? ‘ಸಿಬಿಟಿ ಆಧಾರಿತ’ ಎಂಬ ಉತ್ತರ ಉತ್ತರವಲ್ಲ.
- ಭಯವನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ ಒಟ್ಟು ಪಾಠಗಳಲ್ಲಿ ಎಷ್ಟಿದೆ? ಬರೀ ಉಸಿರಾಟ, ವಿಶ್ರಾಂತಿ, ಒಳ್ಳೆಯ ಮಾತುಗಳಷ್ಟೇ ಇದ್ದರೆ ಆತಂಕಕ್ಕೆ ಅದು ಸಾಲದು.
- ಕೋಚ್‌ಗೆ ಪ್ರತ್ಯೇಕ ಡ್ಯಾಶ್‌ಬೋರ್ಡ್ ಇದೆಯೇ? ಮಗು ಯಾವ ಪುಟದಲ್ಲಿ ಎಷ್ಟು ಹೊತ್ತಿತ್ತು, ಏನು ಬರೆಯಿತು, ಸ್ಕೋರ್ ಹೇಗೆ ಬದಲಾಯಿತು ಎಂಬುದು ಕಾಣುತ್ತದೆಯೇ?
- ಅಪಾಯದ ಉತ್ತರ ಬಂದಾಗ ಎಚ್ಚರಿಕೆ ಯಾರಿಗೆ, ಎಷ್ಟು ಹೊತ್ತಿನಲ್ಲಿ, ಯಾವ ರೂಪದಲ್ಲಿ ಹೋಗುತ್ತದೆ?
- ಪಾಠಗಳನ್ನು ಒಂದೊಂದಾಗಿ ತೆರೆಯುವ ಅಧಿಕಾರ ಕೋಚ್ ಕೈಯಲ್ಲಿದೆಯೇ? ಇಲ್ಲದಿದ್ದರೆ ಉತ್ಸಾಹಿ ಮಕ್ಕಳು ಒಂದೇ ಸಂಜೆಯಲ್ಲಿ ಐದು ಪಾಠ ಮುಗಿಸಿ, ಏನನ್ನೂ ಮಾಡಿ ನೋಡದೆ ಬಿಡುತ್ತಾರೆ.
- ಮಾಹಿತಿ ಎಲ್ಲಿ ಉಳಿಯುತ್ತದೆ, ಯಾರು ನೋಡಬಲ್ಲರು, ಮಗು ಶಾಲೆ ಬಿಟ್ಟ ಮೇಲೆ ಯಾವಾಗ ಅಳಿಸುತ್ತೀರಿ? ಜಾಹೀರಾತು ಕಂಪನಿಗಳಿಗೆ ಯಾವ ಮಾಹಿತಿಯೂ ಹೋಗುವುದಿಲ್ಲ ಎಂದು ಒಪ್ಪಂದದಲ್ಲಿ ಬರೆಯುತ್ತೀರಾ?

ಭಾಷೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಮಗು ಮನೆಯಲ್ಲಿ ಮಾತಾಡುವ ಅಥವಾ ಆರಾಮವಾಗಿ ಓದುವ ಭಾಷೆಯಲ್ಲಿ ಪಾಠ ಇಲ್ಲದಿದ್ದರೆ ‘ನಿನಗೆ ಆಗ ಬಂದ ಯೋಚನೆ ಏನು’ ಎಂಬ ಪ್ರಶ್ನೆಗೆ ಪುಸ್ತಕದ ಉತ್ತರ ಬರುತ್ತದೆಯೇ ಹೊರತು ಮನಸ್ಸಿನ ಉತ್ತರ ಬರುವುದಿಲ್ಲ. ಓದು ನಿಧಾನವಿರುವ ಮಕ್ಕಳಿಗೆ ಧ್ವನಿಯಲ್ಲಿ ಓದಿ ಹೇಳುವ ಸೌಲಭ್ಯ ಇರಲೇಬೇಕು.

ಹಂತ 3: ಒಪ್ಪಿಗೆ ಮತ್ತು ಗೋಪ್ಯತೆ

ಪೋಷಕರ ಲಿಖಿತ ಒಪ್ಪಿಗೆ ಮತ್ತು ಮಗುವಿನ ಸ್ವಂತ ಸಮ್ಮತಿ, ಎರಡೂ ಬೇಕು. ಅಪ್ಪ ಅಮ್ಮ ಸಹಿ ಹಾಕಿದ್ದಾರೆಂದು ಒಲ್ಲದ ಮಗುವನ್ನು ಕೂರಿಸಿದರೆ ಅದು ಪಾಠವನ್ನು ಕ್ಲಿಕ್ ಮಾಡಿ ಮುಗಿಸುತ್ತದೆ. ಒಪ್ಪಿಗೆ ಪತ್ರ ಎರಡು ಪುಟ ಮೀರದಿರಲಿ. ಕಾರ್ಯಕ್ರಮ ಏನು, ಎಷ್ಟು ವಾರ, ಯಾರು ಏನನ್ನು ನೋಡುತ್ತಾರೆ, ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಬೇರೆ ಯಾವ ನೆರವು ಸಿಗುತ್ತದೆ, ಇಷ್ಟಿದ್ದರೆ ಸಾಕು. ಮಕ್ಕಳ ದತ್ತಾಂಶ ಮತ್ತು ಒಪ್ಪಿಗೆಯ ವಯಸ್ಸಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಏನಿದೆ ಎಂದು ಮೊದಲೇ ತಿಳಿದವರಿಂದ ಕೇಳಿಕೊಳ್ಳಿ.

ಗೋಪ್ಯತೆಯ ಮಿತಿಯನ್ನು ಮಗುವಿಗೆ ಮೊದಲ ದಿನವೇ ಸರಳ ಮಾತಿನಲ್ಲಿ ಹೇಳಬೇಕು: ‘ನೀನು ಇಲ್ಲಿ ಬರೆದದ್ದನ್ನು ನಾನು ಮಾತ್ರ ಓದುತ್ತೇನೆ. ಕಷ್ಟವಾದಾಗ ನನಗೆ ಸಲಹೆ ಕೊಡುವ ಒಬ್ಬರಿದ್ದಾರೆ, ಅವರ ಹತ್ತಿರ ಮಾತಾಡುತ್ತೇನೆ. ನಿನ್ನ ಟೀಚರ್‌ಗೆ, ಫ್ರೆಂಡ್ಸ್‌ಗೆ ಗೊತ್ತಾಗಲ್ಲ. ಆದರೆ ನಿನಗೆ ಅಥವಾ ಬೇರೆ ಯಾರಿಗಾದರೂ ಅಪಾಯ ಇದೆ ಅನ್ನಿಸಿದರೆ ನಾನು ಸುಮ್ಮನಿರಲ್ಲ. ಯಾರಿಗೆ ಹೇಳ್ತೀನಿ ಅನ್ನೋದನ್ನ ಆದಷ್ಟು ಮೊದಲು ನಿನಗೇ ಹೇಳ್ತೀನಿ.’ ಈ ಮಾತನ್ನು ಬಿಟ್ಟು ಶುರು ಮಾಡಿ, ಆಮೇಲೆ ಪೋಷಕರಿಗೆ ಫೋನ್ ಮಾಡಬೇಕಾಗಿ ಬಂದರೆ ಮಗುವಿನ ನಂಬಿಕೆ ಮತ್ತೆ ಸಿಗುವುದು ಕಷ್ಟ.

ತರಗತಿ ಶಿಕ್ಷಕರಿಗೆ ತಿಳಿಯಬೇಕಾದದ್ದು, ಈ ಮಗು ವಾರಕ್ಕೊಮ್ಮೆ ಇಂಥ ಹೊತ್ತಿಗೆ ಹೊರಗೆ ಹೋಗುತ್ತದೆ ಎಂಬುದಷ್ಟೇ. ಅಭ್ಯಾಸಕ್ಕೆ ಶಿಕ್ಷಕರ ನೆರವು ಬೇಕಾದಾಗ ಅದಕ್ಕೆ ಬೇಕಾದಷ್ಟನ್ನು ಮಾತ್ರ, ಮಗುವನ್ನು ಕೇಳಿಕೊಂಡೇ, ಹೇಳಿ.

ಹಂತ 4: ಅಪಾಯದ ಉತ್ತರ ಬಂದಾಗ ಏನು ಮಾಡಬೇಕು ಎಂಬ ಬರಹ

ಇದಿಲ್ಲದೆ ಒಂದು ಮಗುವಿಗೂ ಲಾಗಿನ್ ಕೊಡಬಾರದು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹದಿನಾಲ್ಕರ ಹುಡುಗಿಯೊಬ್ಬಳು ಮನೆಯಲ್ಲಿ ಪಾಠ ತೆರೆಯುತ್ತಾಳೆ ಎಂದುಕೊಳ್ಳಿ. ಪ್ರಶ್ನಾವಳಿಯ ಕೊನೆಯ ಪ್ರಶ್ನೆಗೆ ‘ಸತ್ತರೆ ಒಳ್ಳೆಯದು ಎನ್ನಿಸುತ್ತದೆ, ಹೆಚ್ಚುಕಡಿಮೆ ದಿನವೂ’ ಎಂದು ಗುರುತು ಹಾಕುತ್ತಾಳೆ. ವ್ಯವಸ್ಥೆ ಕೋಚ್‌ನ ಶಾಲಾ ಇಮೇಲ್‌ಗೆ ಎಚ್ಚರಿಕೆ ಕಳಿಸುತ್ತದೆ. ಕೋಚ್ ಅದನ್ನು ನೋಡುವುದು ಸೋಮವಾರ ಬೆಳಿಗ್ಗೆ. ಆ ಹುಡುಗಿಯ ಪಾಲಿಗೆ ತಾನು ಹೇಳಿಯೂ ಯಾರೂ ಕೇಳಲಿಲ್ಲ ಎಂದಾಯಿತು. ಪ್ರಶ್ನೆಯನ್ನೇ ಕೇಳದೇ ಇದ್ದುದಕ್ಕಿಂತ, ಪ್ರಶ್ನೆ ಕೇಳಿ ಬಂದ ಉತ್ತರಕ್ಕೆ ಸ್ಪಂದಿಸದೆ ಇರುವುದು ಹೆಚ್ಚು ಹಾನಿ.

ತಪ್ಪಿಸುವ ದಾರಿಗಳು ಎರಡು. ಒಂದು, ಪ್ರಶ್ನಾವಳಿಗಳನ್ನು ಶಾಲೆಯ ಅವಧಿಯಲ್ಲಿ, ಕೋಚ್ ಇರುವಾಗ ಮಾತ್ರ ತೆರೆಯುವಂತೆ ಮಾಡುವುದು. ವಾರದ ಮೊದಲ ಮೂರು ದಿನ, ಬೆಳಗಿನ ಹೊತ್ತು ಒಳ್ಳೆಯದು, ಏನಾದರೂ ಕಂಡರೆ ಅದೇ ದಿನ ಮಾತಾಡಿ, ಮರುದಿನವೂ ಮಗುವನ್ನು ನೋಡಬಹುದು. ಎರಡು, ರಜೆ ಮತ್ತು ರಾತ್ರಿಯಲ್ಲೂ ಉತ್ತರಿಸುವ ಸೇವೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಎರಡನೆಯದು ಹೆಚ್ಚಿನ ಶಾಲೆಗಳ ಕೈಗೆಟುಕದು, ಮೊದಲನೆಯದಕ್ಕೆ ಖರ್ಚಿಲ್ಲ. ಏನೇ ಆದರೂ ಪ್ರತಿ ಪುಟದಲ್ಲೂ ತುರ್ತು ಸಹಾಯವಾಣಿಯ ಸಂಖ್ಯೆ, ಮತ್ತು ‘ಇದನ್ನು ದಿನದ 24 ಗಂಟೆಯೂ ಯಾರೂ ನೋಡುತ್ತಿರುವುದಿಲ್ಲ’ ಎಂಬ ಸ್ಪಷ್ಟ ಮಾತು ಇರಲಿ.

ಬರಹದಲ್ಲಿ ಇರಬೇಕಾದದ್ದು: ಎಚ್ಚರಿಕೆ ಬಂದ ಕೂಡಲೇ ನೋಡುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು. ಅದೇ ದಿನ ಮಗುವನ್ನು ಮುಖಾಮುಖಿ ಕೇಳುವವರು ಯಾರು. ಪೋಷಕರಿಗೆ ತಿಳಿಸುವವರು ಯಾರು, ಮತ್ತು ಅಪಾಯ ಪೋಷಕರಿಂದಲೇ ಎಂಬ ಅನುಮಾನ ಇದ್ದರೆ ಬದಲಾಗಿ ಯಾರನ್ನು ಸಂಪರ್ಕಿಸಬೇಕು. ತಕ್ಷಣದ ಅಪಾಯ ಇದ್ದರೆ ಮಗುವನ್ನು ಒಂಟಿಯಾಗಿ ಬಿಡದೆ ಯಾವ ಆಸ್ಪತ್ರೆಗೆ, ಯಾರ ಜೊತೆ. ಇದನ್ನು ಒಂದೇ ಪುಟದಲ್ಲಿ ಬರೆದು, ನಿಜವಾದ ಮಗು ಸೇರುವ ಮುಂಚೆ ಒಂದು ನಕಲಿ ಖಾತೆಯಿಂದ ಅಪಾಯದ ಉತ್ತರ ಹಾಕಿ ಪರೀಕ್ಷಿಸಿ. ಎಚ್ಚರಿಕೆ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ.

ಹಂತ 5: ಜಾಗ, ಯಂತ್ರ, ಇಂಟರ್‌ನೆಟ್

ಬಾಗಿಲು ಮುಚ್ಚಿಕೊಳ್ಳಬಹುದಾದ ಸಣ್ಣ ಕೋಣೆ, ಬಾಗಿಲಿನಿಂದಲೂ ಕಿಟಕಿಯಿಂದಲೂ ಕಾಣದಂತೆ ತಿರುಗಿಸಿದ ಪರದೆ, ಹೆಡ್‌ಫೋನ್. ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ಕೂರಿಸಿದರೆ ಮಗು ಹಿಂದೆ ತಿರುಗಿ ನೋಡುತ್ತಲೇ ಇರುತ್ತದೆ, ಏನನ್ನೂ ಬರೆಯುವುದಿಲ್ಲ.

ಶಾಲೆಯ ವೆಬ್ ಫಿಲ್ಟರ್ ಇಲ್ಲಿ ದೊಡ್ಡ ತೊಡಕು. ಪಾಠದ ವಿಡಿಯೊ ಬೇರೆ ಸರ್ವರ್‌ನಿಂದ ಬಂದರೆ ಫಿಲ್ಟರ್ ಅದನ್ನು ತಡೆಯಬಹುದು. ಖಿನ್ನತೆ, ಆತ್ಮಹತ್ಯೆ ಎಂಬ ಪದಗಳಿರುವ ಪುಟಗಳನ್ನೂ ತಡೆಯಬಹುದು, ಅಥವಾ ಮಗು ಬರೆದದ್ದನ್ನು ನಿಗಾ ತಂತ್ರಾಂಶ ಹಿಡಿದು ಆಫೀಸಿಗೆ ಕಳಿಸಬಹುದು. ಎರಡನೆಯದು ನೀವು ಮಗುವಿಗೆ ಕೊಟ್ಟ ಗೋಪ್ಯತೆಯ ಮಾತನ್ನೇ ಮುರಿಯುತ್ತದೆ. ಹಾಗಾಗಿ ಸಿಬ್ಬಂದಿಯ ಲಾಗಿನ್‌ನಿಂದಲ್ಲ, ವಿದ್ಯಾರ್ಥಿಯ ಲಾಗಿನ್‌ನಿಂದ, ಶಾಲೆಯ ವೈಫೈನಲ್ಲೇ ಪ್ರತಿ ಪಾಠವನ್ನೂ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ. ಸಿಬ್ಬಂದಿ ಲಾಗಿನ್‌ನಲ್ಲಿ ಎಲ್ಲ ತೆರೆದುಕೊಂಡರೂ ಮಗುವಿನದರಲ್ಲಿ ಖಾಲಿ ಪುಟ ಬರಬಹುದು.

ಹಲವರು ಬಳಸುವ ಯಂತ್ರವಾದರೆ ಬ್ರೌಸರ್ ಪಾಸ್‌ವರ್ಡ್ ಉಳಿಸಿಕೊಳ್ಳದಂತೆ ಮಾಡಿ, ಹತ್ತು ನಿಮಿಷ ಸುಮ್ಮನಿದ್ದರೆ ತಾನಾಗಿ ಲಾಗ್‌ಔಟ್ ಆಗಲಿ. ಮಗುವಿನ ಸ್ವಂತ ಫೋನಿಗೆ ನೆನಪಿನ ಸಂದೇಶ ಹೋಗುವುದಾದರೆ ಅದರಲ್ಲಿ ಕಾರ್ಯಕ್ರಮದ ಹೆಸರು ಕಾಣದಿರಲಿ. ಪಕ್ಕದಲ್ಲಿ ಕೂತವರು ಓದಿದರೆ ಮುಗಿಯಿತು.

ಹಂತ 6: ಮಕ್ಕಳ ಆಯ್ಕೆ

ಶಿಕ್ಷಕರ, ಪೋಷಕರ ಶಿಫಾರಸು ಮತ್ತು ಮಗು ತಾನಾಗಿ ಬರುವ ದಾರಿ, ಮೂರೂ ತೆರೆದಿರಲಿ. ಶಿಕ್ಷಕರು ಗಲಾಟೆ ಮಾಡುವವರನ್ನು ಬೇಗ ಗುರುತಿಸುತ್ತಾರೆ. ಆತಂಕದ ಮಗು ಸಾಮಾನ್ಯವಾಗಿ ಶಾಂತ, ವಿಧೇಯ, ಅಚ್ಚುಕಟ್ಟು. ಆಗಾಗ ಹೊಟ್ಟೆನೋವು, ಪರೀಕ್ಷೆಯ ದಿನ ಗೈರು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಲು ಒಲ್ಲದಿರುವುದು, ಇಂಥ ಗುರುತುಗಳನ್ನು ಶಿಕ್ಷಕರಿಗೆ ಹೇಳಿಕೊಡಿ.

ಅಳತೆಗೆ ಆತಂಕ ಮತ್ತು ಖಿನ್ನತೆ ಎರಡನ್ನೂ ನೋಡುವ ಆರ್‌ಸಿಎಡಿಎಸ್ ಎಂಬ ಪ್ರಶ್ನಾವಳಿ ಚೆನ್ನಾಗಿದೆ. ಪೂರ್ಣ ರೂಪದಲ್ಲಿ 47 ಪ್ರಶ್ನೆ, ಚಿಕ್ಕದರಲ್ಲಿ 25. ವಯಸ್ಸಿಗೆ ಹೊಂದಿಸಿದ ಟಿ-ಸ್ಕೋರ್ (ಅದೇ ವಯಸ್ಸಿನ ಮಕ್ಕಳಿಗೆ ಹೋಲಿಸಿ ಲೆಕ್ಕ ಹಾಕಿದ ಅಂಕ) 65 ಬಂದರೆ ಗಡಿರೇಖೆ, 70 ಅಥವಾ ಹೆಚ್ಚು ಬಂದರೆ ಚಿಕಿತ್ಸೆಯ ಮಟ್ಟ. ಖಿನ್ನತೆಗೆ ಎಸ್‌ಎಂಎಫ್‌ಕ್ಯೂ ಎಂಬ 13 ಪ್ರಶ್ನೆಗಳ ಪಟ್ಟಿ ಸುಲಭ, ಗರಿಷ್ಠ 26, ಸಾಮಾನ್ಯವಾಗಿ 12 ಅಥವಾ ಹೆಚ್ಚು ಬಂದರೆ ಗಮನಿಸಬೇಕು. ಒಂದು ಎಚ್ಚರ: ಈ 13ರಲ್ಲಿ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಇಲ್ಲ. ಸ್ಕೋರ್ ಕಡಿಮೆ ಇದೆಯೆಂದು ನೆಮ್ಮದಿಯಿಂದ ಇರಬೇಡಿ, ಆ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳಿ. ಕೇಳಿದರೆ ಮಗುವಿನ ತಲೆಯಲ್ಲಿ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಸ್ಕೋರ್ ಒಂದನ್ನೇ ನೋಡಿ ಸೇರಿಸಬೇಡಿ. 30–40 ನಿಮಿಷದ ಮುಖಾಮುಖಿ ಮಾತುಕತೆ ಇರಲೇಬೇಕು: ತೊಂದರೆ ಎಂದಿನಿಂದ, ಯಾವುದನ್ನು ತಪ್ಪಿಸಿಕೊಳ್ಳುತ್ತಿದೆ, ನಿದ್ದೆ, ಊಟ, ಮನೆಯ ಸ್ಥಿತಿ, ಸಹಪಾಠಿಗಳ ಕಾಟ, ಓದಿನ ತೊಂದರೆ. ಕಾಟ ಕೊಡುವವರ ಭಯಕ್ಕೆ ಶಾಲೆ ತಪ್ಪಿಸುತ್ತಿರುವ ಮಗುವಿಗೆ ಸಿಬಿಟಿ ಕೊಟ್ಟು, ಕಾಟವನ್ನು ಹಾಗೇ ಬಿಡುವಂತಿಲ್ಲ.

ಹಂತ 7: ವೇಳಾಪಟ್ಟಿ

ಹೆಚ್ಚಿನ ಕಾರ್ಯಕ್ರಮಗಳಲ್ಲಿ 6ರಿಂದ 10 ಪಾಠ ಇರುತ್ತವೆ, ಒಂದೊಂದು 30–45 ನಿಮಿಷ, ಅಂದರೆ ಒಂದು ಪೀರಿಯಡ್. ಎಂಟು ಪಾಠಕ್ಕೆ ಎಂಟು ವಾರ ಇಟ್ಟುಕೊಂಡರೆ ಸಾಲದು. ಜ್ವರ, ಕ್ರೀಡಾಕೂಟ, ಕಿರುಪರೀಕ್ಷೆ ಎಲ್ಲ ಸೇರಿ ಹನ್ನೊಂದು ಬೇಕು. ಪರೀಕ್ಷೆಗೆ ಮೂರು ವಾರ ಮುಂಚೆ ಮುಗಿಯುವಂತೆ ಹಿಂದಕ್ಕೆ ಎಣಿಸಿ ಶುರು ಮಾಡಿ. ದೊಡ್ಡ ರಜೆ ನಡುವೆ ಬಂದರೆ ಎದುರಿಸುವ ಅಭ್ಯಾಸ ನಿಂತುಹೋಗಿ, ಭಯ ಮೊದಲಿನ ಜಾಗಕ್ಕೆ ವಾಪಸ್ಸು ಬರುತ್ತದೆ.

ಪ್ರತಿ ವಾರ ಒಂದೇ ವಿಷಯದ ತರಗತಿ ತಪ್ಪದಂತೆ ಪೀರಿಯಡ್ ಬದಲಿಸುತ್ತಾ ಹೋಗಿ. ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ. ಮಂಕಾಗಿರುವ ಮಗುವಿಗೆ ವಾರದಲ್ಲಿ ಖುಷಿ ಕೊಡುವ ಒಂದೇ ಗಂಟೆ ಅದಾಗಿರಬಹುದು. ಮಗುವನ್ನು ಕರೆಯಲು ಜವಾನರನ್ನೋ ಮೈಕನ್ನೋ ಬಳಸದೆ, ಮೊದಲೇ ಹೊತ್ತು ಹೇಳಿದ ಚೀಟಿ ಕೊಟ್ಟರೆ ಅದು ತಾನಾಗಿ ಎದ್ದು ಬರುತ್ತದೆ.

ಹಂತ 8: ವಾರದ ಮಾತುಕತೆ

ಕೋಚ್ ಆಗುವವರು ಮೊದಲು ಇಡೀ ಕಾರ್ಯಕ್ರಮವನ್ನು ಮಗುವಿನಂತೆ ಮಾಡಿ ಮುಗಿಸಬೇಕು, ಅಭ್ಯಾಸಗಳನ್ನೂ ಸೇರಿಸಿ. ಆಮೇಲೆ ಮೇಲ್ವಿಚಾರಕರ ಎದುರು ನಟಿಸಿ ಕಲಿಯುವ ಎರಡು ಮೂರು ದಿನದ ತರಬೇತಿ.

ಇಪ್ಪತ್ತು ನಿಮಿಷವನ್ನು ಹೀಗೆ ಹಂಚಿ: ಹೇಗಿದ್ದೀಯ, ಈ ವಾರ ಅಪಾಯದ ಯೋಚನೆ ಏನಾದರೂ ಬಂತೇ ಎಂದು ಕೇಳಲು 3 ನಿಮಿಷ. ಮಾಡಿದ ಅಭ್ಯಾಸ ಏನಾಯಿತು ಎಂಬುದಕ್ಕೆ 7. ಎಲ್ಲಿ ಸಿಕ್ಕಿಹಾಕಿಕೊಂಡೆ ಎಂಬುದಕ್ಕೆ 5. ಮುಂದಿನ ವಾರ ಯಾವ ದಿನ, ಎಲ್ಲಿ, ಏನು ಮಾಡುತ್ತೀಯ ಎಂಬುದಕ್ಕೆ 5. ಪಾಠವನ್ನು ಮತ್ತೆ ವಿವರಿಸಲು ಕೂರಬೇಡಿ. ಹೊಸ ಕೋಚ್‌ಗಳ ಸಾಮಾನ್ಯ ತಪ್ಪು ಅದು. ಇಪ್ಪತ್ತು ನಿಮಿಷವೂ ಕೋಚೇ ಮಾತಾಡಿ ಮುಗಿದಿರುತ್ತದೆ.

ಬರಹದ ಸಂದೇಶವಾದರೆ ‘ತುಂಬಾ ಚೆನ್ನಾಗಿ ಮಾಡಿದ್ದೀಯ, ಹೀಗೇ ಮುಂದುವರಿಸು’ ಎಂಬುದರಿಂದ ಏನೂ ಆಗದು. ಮಗು ಬರೆದದ್ದನ್ನು ಓದಿದ್ದೀರೆಂದು ತಿಳಿಯಬೇಕು: ‘ಹಾಜರಿ ಕರೆದಾಗ ಧ್ವನಿ ನಡುಗುತ್ತೆ, ಎಲ್ಲರೂ ತಿರುಗಿ ನೋಡ್ತಾರೆ ಅಂತ ಬರೆದಿದ್ದೀಯ. ಬುಧವಾರ ಹಾಜರಿ ಹೇಳಿದ ಮೇಲೆ ತಲೆ ಎತ್ತಿ, ನಿಜವಾಗಿ ಎಷ್ಟು ಜನ ತಿರುಗಿದರು ಅಂತ ಎಣಿಸ್ತೀಯಾ? ಗುರುವಾರ ಮಾತಾಡೋಣ.’

ಆತಂಕದ ಚಿಕಿತ್ಸೆಯ ಜೀವಾಳ ಎದುರಿಸುವ ಅಭ್ಯಾಸ, ಮತ್ತು ಶಾಲೆಗೆ ಇರುವ ದೊಡ್ಡ ಅನುಕೂಲವೂ ಅದೇ. ಆಸ್ಪತ್ರೆಯ ಕೋಣೆಯಲ್ಲಿ ತರಗತಿ ಇರುವುದಿಲ್ಲ, ಇಲ್ಲಿ ಭಯದ ಜಾಗ ಹತ್ತು ಹೆಜ್ಜೆ ದೂರದಲ್ಲಿದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗನ ಮೆಟ್ಟಿಲು ಹೀಗಿರಬಹುದು (ಆವರಣದಲ್ಲಿ 0ರಿಂದ 10ರವರೆಗೆ ಅವನೇ ಕೊಟ್ಟ ಭಯದ ಅಂಕ):

1. ಪೀರಿಯಡ್ ಮುಗಿದ ಮೇಲೆ ಟೀಚರ್ ಹತ್ತಿರ ಹೋಗಿ ಒಂದು ಸಂದೇಹ ಕೇಳುವುದು (3)
2. ನಾಲ್ಕು ಜನರ ಗುಂಪಿನಲ್ಲಿ ಉತ್ತರ ಓದಿ ಹೇಳುವುದು (4)
3. ಹಿಂದಿನ ಬೆಂಚಿಗೂ ಕೇಳುವಂತೆ ಹಾಜರಿ ಹೇಳುವುದು (5)
4. ಮೊದಲೇ ಗೊತ್ತಿರುವ ಪ್ರಶ್ನೆಗೆ ಕೈ ಎತ್ತುವುದು (6)
5. ಖಚಿತವಿಲ್ಲದ ಪ್ರಶ್ನೆಗೆ ಕೈ ಎತ್ತುವುದು (8)
6. ಬೇಕೆಂದೇ ತಪ್ಪು ಉತ್ತರ ಹೇಳಿ ಏನಾಗುತ್ತದೆ ನೋಡುವುದು (9)

ಪ್ರತಿ ಮೆಟ್ಟಿಲಿಗೂ ಮುಂಚೆ ಏನಾಗುತ್ತದೆ ಎಂದು ಅಂದುಕೊಂಡಿದ್ದಾನೆ ಎಂಬುದನ್ನು ಬರೆಸಿ: ‘ಎಲ್ಲರೂ ನಗುತ್ತಾರೆ, ನೂರಕ್ಕೆ ಎಂಬತ್ತು ಖಚಿತ.’ ಆದ ಮೇಲೆ ಎಷ್ಟು ಜನ ನಕ್ಕರು ಎಂದು ಬರೆಸಿ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವೇ ಕಲಿಸುವುದು. ಒಂದು ಮೆಟ್ಟಿಲನ್ನು ಒಂದು ಸಲ ಮಾಡಿ ಬಿಡದೆ ನಾಲ್ಕೈದು ಸಲ, ಬೇರೆ ಬೇರೆ ಪೀರಿಯಡ್‌ಗಳಲ್ಲಿ ಮಾಡಿಸಿ. ತಪ್ಪಿಸಿಕೊಳ್ಳುವ ಸಣ್ಣ ದಾರಿಗಳ ಮೇಲೆ ಕಣ್ಣಿಡಿ: ಉತ್ತರವನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಕೈ ಎತ್ತುವುದು, ತಲೆ ತಗ್ಗಿಸಿ ವೇಗವಾಗಿ ಹೇಳಿ ಕೂರುವುದು. ಅವು ಉಳಿದರೆ ‘ಹಾಗೆ ಮಾಡಿದ್ದಕ್ಕೆ ಬಚಾವಾದೆ’ ಎಂಬ ನಂಬಿಕೆ ಉಳಿಯುತ್ತದೆ, ಭಯವೂ ಉಳಿಯುತ್ತದೆ.

ಶಿಕ್ಷಕರಿಗೆ ಹೇಳಬೇಕಾದದ್ದು ಮೂರೇ. ಅಯ್ಯೋ ಪಾಪ ಎಂದು ಆ ಮಗುವನ್ನು ಬಿಟ್ಟು ಪಕ್ಕದವರನ್ನು ಕೇಳಬೇಡಿ. ಒಪ್ಪಿದ ಮೆಟ್ಟಿಲಿಗಿಂತ ಮುಂದಕ್ಕೆ ಏಕಾಏಕಿ ತಳ್ಳಬೇಡಿ. ಎಲ್ಲರೆದುರು ಹೊಗಳಬೇಡಿ, ಆಮೇಲೆ ಪಕ್ಕಕ್ಕೆ ಕರೆದು ಪ್ರಯತ್ನವನ್ನು ಮೆಚ್ಚಿ.

ಖಿನ್ನತೆಯ ಮಗುವಿಗೆ ಈ ಜಾಗದಲ್ಲಿ ಬರುವುದು ಚಟುವಟಿಕೆ ಹೆಚ್ಚಿಸುವ ಅಭ್ಯಾಸ. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯದೆ, ಮೊದಲೇ ಬರೆದ ಹೊತ್ತಿಗೆ ಚಿಕ್ಕ ಕೆಲಸ ಮಾಡಿ, ಮುಂಚೆ ಮತ್ತು ನಂತರದ ಮನಸ್ಸಿಗೆ ಅಂಕ ಕೊಡುವುದು. ‘ದಿನಾ ಒಂದು ಗಂಟೆ ಆಡು’ ಎನ್ನಬೇಡಿ. ‘ಮಂಗಳವಾರ ಐದಕ್ಕೆ ಗೆಳೆಯನ ಜೊತೆ ಹದಿನೈದು ನಿಮಿಷ’ ಎಂದರೆ ಆಗುತ್ತದೆ.

ಹಂತ 9: ಎಲ್ಲಿ ಕೆಡುತ್ತದೆ, ಏಕೆ

ನಲವತ್ತು ನಿಮಿಷದ ಪಾಠ ಆರೇ ನಿಮಿಷದಲ್ಲಿ ಮುಗಿದಿದ್ದರೆ ಮಗು ಓದಿಲ್ಲ. ಬೈಯಬೇಡಿ, ಪಾಠ ಅದರ ವಯಸ್ಸಿಗೆ ಚಿಕ್ಕದೆನಿಸಿರಬಹುದು ಅಥವಾ ಓದು ಕಷ್ಟವಾಗಿರಬಹುದು. ಮುಂದಿನ ಪಾಠದ ಮೊದಲ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿದರೆ ಯಾವುದೆಂದು ತಿಳಿಯುತ್ತದೆ. ಉತ್ತರಗಳ ಭಾಷೆ ಇದ್ದಕ್ಕಿದ್ದಂತೆ ದೊಡ್ಡವರದಾದರೆ ಮನೆಯಲ್ಲಿ ಪೋಷಕರು ಬರೆಯುತ್ತಿರಬಹುದು.

ಎದುರಿಸುವ ಅಭ್ಯಾಸ ಶುರುವಾಗುವ ಪಾಠದಲ್ಲಿ ಮಕ್ಕಳು ಬಿಡುತ್ತಾರೆ. ಅಲ್ಲಿಯವರೆಗೆ ಓದುವುದಷ್ಟೇ ಇತ್ತು, ಈಗ ಮಾಡಬೇಕು. ಆ ವಾರ ಒಂದರ ಬದಲು ಎರಡು ಸಲ ಭೇಟಿಯಾಗಿ, ಮೊದಲ ಮೆಟ್ಟಿಲನ್ನು ಕೋಚ್ ಜೊತೆಯಲ್ಲೇ ಮಾಡಿಸಿ. ಮೊದಲ ಅಭ್ಯಾಸಗಳ ಹೊತ್ತಿಗೆ ಆತಂಕದ ಸ್ಕೋರ್ ತುಸು ಏರುವುದು ಸಹಜ, ಅದನ್ನು ಪೋಷಕರಿಗೆ ಮುಂಚೆಯೇ ಹೇಳಿರಿ. ಆದರೆ ನಿರಾಶೆ, ನಿದ್ರಾಹೀನತೆ, ಮಂಕು ಏರುತ್ತಿದ್ದರೆ ಅದು ಸಹಜವಲ್ಲ, ಅದೇ ವಾರ ಮೇಲ್ವಿಚಾರಕರಿಗೆ ತಿಳಿಸಿ.

ನಾಲ್ಕನೇ ವಾರಕ್ಕೆ ಪ್ರತಿ ಮಗುವನ್ನೂ ಮೇಲ್ವಿಚಾರಕರ ಜೊತೆ ಕೂತು ನೋಡಿ. ಎರಡು ಪಾಠವೂ ಆಗಿಲ್ಲ, ಅಥವಾ ಸ್ಕೋರ್ ಇಳಿಯುವ ಸೂಚನೆಯೇ ಇಲ್ಲ ಎಂದಾದರೆ ಹಾಗೇ ಎಳೆಯಬೇಡಿ. ಮುಖಾಮುಖಿ ಸಿಬಿಟಿಗೋ ತಜ್ಞರ ಬಳಿಗೋ ಕಳಿಸಿ. ಕಳಿಸುವಾಗ ಮಗುವಿಗೆ ಹೇಳುವ ಮಾತು: ‘ಈ ವಿಧಾನ ನಿನಗೆ ಸರಿಹೊಂದಲಿಲ್ಲ, ಬೇರೆಯದನ್ನು ನೋಡೋಣ.’ ನೀನು ಸರಿಯಾಗಿ ಮಾಡಲಿಲ್ಲ ಎಂಬ ಧ್ವನಿ ಎಲ್ಲೂ ಬರಬಾರದು. ಖಿನ್ನತೆಯ ಮಗು ಅದನ್ನು ತನ್ನ ಮೇಲಿನ ತೀರ್ಪೆಂದೇ ತೆಗೆದುಕೊಳ್ಳುತ್ತದೆ.

ಹಂತ 10: ಚಿಕ್ಕದಾಗಿ ಶುರು, ಪ್ರಾಮಾಣಿಕ ಲೆಕ್ಕ, ಅನುಸರಣೆ

ಮೊದಲ ಅವಧಿಯಲ್ಲಿ ಇಬ್ಬರು ಕೋಚ್, 8ರಿಂದ 12 ಮಕ್ಕಳು, ಅಷ್ಟೇ. ಬರೆದಿಡಬೇಕಾದ ಅಂಕಿಗಳು: ಎಷ್ಟು ಮಕ್ಕಳಿಗೆ ಸೂಕ್ತವೆನಿಸಿತು, ಎಷ್ಟು ಜನ ಒಪ್ಪಿದರು, ಶುರು ಮಾಡಿದರು, ಅರ್ಧ ಮುಗಿಸಿದರು, ಪೂರ್ತಿ ಮುಗಿಸಿದರು. ಮೊದಲಿನ ಮತ್ತು ಕೊನೆಯ ಸ್ಕೋರ್. ಅಪಾಯದ ಎಚ್ಚರಿಕೆ ಎಷ್ಟು, ಒಂದೊಂದಕ್ಕೂ ಎಷ್ಟು ಹೊತ್ತಿನಲ್ಲಿ ಮಗುವನ್ನು ನೋಡಲಾಯಿತು. ಕೋಚ್‌ನ ನಿಜವಾದ ನಿಮಿಷಗಳು. ಮುಗಿಸಿದವರ ಸ್ಕೋರನ್ನು ಮಾತ್ರ ಲೆಕ್ಕ ಹಾಕಿದರೆ ಯಾವ ಕಾರ್ಯಕ್ರಮವೂ ಚೆನ್ನಾಗಿಯೇ ಕಾಣುತ್ತದೆ. ಬಿಟ್ಟವರನ್ನೂ ಸೇರಿಸಿ, ಏಕೆ ಬಿಟ್ಟೆ ಎಂದು ಐದು ನಿಮಿಷ ಕೇಳಿ ಬರೆದುಕೊಳ್ಳಿ. ಮುಂದಿನ ಅವಧಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಉತ್ತರಗಳೇ.

ಕೊನೆಯ ಪಾಠದ ದಿನ ಮಗು ತನ್ನದೇ ಒಂದು ಪುಟ ಬರೆದುಕೊಳ್ಳಲಿ: ನನಗೆ ಮತ್ತೆ ತೊಂದರೆ ಶುರುವಾಗುವ ಮೊದಲ ಗುರುತುಗಳು, ಆಗ ನಾನು ಮಾಡುವ ಎರಡು ಕೆಲಸ, ನಾನು ಹೇಳಿಕೊಳ್ಳುವ ಒಬ್ಬರು. ಆರು ವಾರ ಕಳೆದ ಮೇಲೆ ಒಮ್ಮೆ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಹದಿನೈದು ನಿಮಿಷದ ಭೇಟಿ ಮತ್ತು ಅದೇ ಪ್ರಶ್ನಾವಳಿ. ಹೊಸ ತರಗತಿಗೆ ಹೋಗುವಾಗ, ಶಾಲೆ ಬದಲಿಸುವಾಗ ಭಯ ಮರಳುವುದು ಹೆಚ್ಚು. ಅಂಥ ಮಕ್ಕಳ ಹೆಸರನ್ನು ಮೊದಲೇ ಗುರುತು ಹಾಕಿಟ್ಟು, ಹೊಸ ವರ್ಷದ ಎರಡನೇ ವಾರದಲ್ಲಿ ಕೋಚ್ ತಾವಾಗಿಯೇ ಹೋಗಿ ಮಾತಾಡಿಸಬೇಕು. ಖಾತೆಯನ್ನು ಮೂರು ತಿಂಗಳ ಭೇಟಿಯವರೆಗೂ ತೆರೆದಿಟ್ಟು, ಆಮೇಲೆ ಒಪ್ಪಂದದಂತೆ ಅಳಿಸಿ, ಅಳಿಸಿದ್ದನ್ನು ಪೋಷಕರಿಗೂ ಮಗುವಿಗೂ ತಿಳಿಸಿ.